ಮನೆ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಶೇರ್ ಮಾಡುವಾಗ ಯಾರಿಗೆ ಎಷ್ಟು ಅನುಮತಿ ಕೊಡಬೇಕು

ಶೇರ್ ಆಗಿರುವ ಫೋಲ್ಡರ್‌ನಿಂದ ಇನ್ನೊಂದು ಕಂಪ್ಯೂಟರ್ ಮೂಲಕ ಫೈಲ್ ಡಿಲೀಟ್ ಮಾಡಿದರೆ ಸಾಮಾನ್ಯವಾಗಿ ಅದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಹೋಯ್ತು ಅಂದ್ರೆ ಹೋಯ್ತು. ನನಗೆ ಇದು ಗೊತ್ತಾಗಿದ್ದು ತಂಗಿ ಅವಳ ಲ್ಯಾಪ್‌ಟಾಪ್‌ನಿಂದ ಒಂದಿಡೀ ಫೋಟೋ ಫೋಲ್ಡರ್ ಅಳಿಸಿದ ದಿನ. ಅವಳದೇನೂ ತಪ್ಪಿಲ್ಲ, ಅದು ಇನ್ನೊಂದು ಕಾಪಿ ಅಂದುಕೊಂಡಿದ್ದಳು. ಬೇಗ ಕೆಲಸ ಆಗಲಿ ಅಂತ ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟಿದ್ದವನು ನಾನು. ಅದಕ್ಕೇ ಈಗ ಯಾರು ಕೇಳಿದರೂ ಶೇರ್ ಮಾಡುವುದಕ್ಕಿಂತ ಅನುಮತಿಯ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಇಲ್ಲಿ ಬರೆದಿರುವುದು ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ನೆಟ್‌ವರ್ಕ್. ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೂಟರ್‌ಗೆ ಸೇರಿರಬೇಕು. ಗೆಸ್ಟ್ ವೈಫೈನಲ್ಲಿ ಇರಬಾರದು, ಯಾಕಂದರೆ ಅದರಲ್ಲಿ ಇರುವವರು ಮನೆಯ ಬೇರೆ ಯಂತ್ರಗಳನ್ನು ನೋಡದಂತೆ ರೂಟರ್ ಸಾಮಾನ್ಯವಾಗಿ ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಅಲ್ಲೇ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅಂತ ಒಂದಿದೆ. ಅದನ್ನು ಆಫ್ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ತುಂಬಾ ಜನ ಹೇಳುತ್ತಾರೆ, ದಯವಿಟ್ಟು ಮಾಡಬೇಡಿ. ಆಫ್ ಮಾಡಿದರೆ ಒಳಗೆ ಬಂದವರು ಯಾರು ಅಂತ ಗುರುತಿಸುವ ದಾರಿಯೇ ಇರುವುದಿಲ್ಲ, ಆಗ ಒಬ್ಬೊಬ್ಬರಿಗೆ ಒಂದೊಂದು ಅನುಮತಿ ಕೊಡುವುದಾದರೂ ಹೇಗೆ ಅಲ್ವಾ?

ಗುರುತಿಸಬೇಕು ಅಂದರೆ ಅಕೌಂಟ್ ಬೇಕು. ಫೈಲ್‌ಗಳು ಯಾವ ಕಂಪ್ಯೂಟರ್‌ನಲ್ಲಿವೆಯೋ ಅದರಲ್ಲಿ ಮನೆಯ ಪ್ರತಿಯೊಬ್ಬರ ಹೆಸರಲ್ಲೂ ಒಂದು ಲೋಕಲ್ ಅಕೌಂಟ್, ಅಂದರೆ ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ ಅಕೌಂಟ್ ಮಾಡಿ, ಸ್ಟ್ಯಾಂಡರ್ಡ್ ಆಗಿದ್ದರೆ ಸಾಕು, ಅಡ್ಮಿನಿಸ್ಟ್ರೇಟರ್ ಬೇಡ. ಪಾಸ್‌ವರ್ಡ್ ಮಾತ್ರ ಇಡಲೇಬೇಕು. ಪಾಸ್‌ವರ್ಡ್ ಇಲ್ಲದ ಅಕೌಂಟ್ ಆ ಕಂಪ್ಯೂಟರ್ ಮುಂದೆ ಕೂತಾಗ ಕೆಲಸ ಮಾಡುತ್ತದೆ, ನೆಟ್‌ವರ್ಕ್ ಮೂಲಕ ಬಂದರೆ ವಿಂಡೋಸ್ ಬಿಡುವುದಿಲ್ಲ. ಪಿನ್ ಕೂಡ ಹಾಗೇ, ಅದು ಆ ಒಂದು ಯಂತ್ರಕ್ಕಷ್ಟೇ. ದಿನಾ ಪಿನ್ ಒತ್ತಿ ಒಳಗೆ ಹೋಗುವವರು ಇಲ್ಲೂ ಅದನ್ನೇ ಕೊಟ್ಟು, ಸರಿಯಾಗೇ ಹಾಕಿದೆ, ತಗೊಳ್ತಿಲ್ಲ ಅಂತ ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಈಗ ಫೋಲ್ಡರ್. ಇಡೀ ಸಿ ಡ್ರೈವ್, ಯೂಸರ್ಸ್ ಫೋಲ್ಡರ್, ಡೆಸ್ಕ್‌ಟಾಪ್ ಇವನ್ನು ಶೇರ್ ಮಾಡಬೇಡಿ. ಡಿ ಡ್ರೈವ್ ಇದ್ದರೆ ಅದರಲ್ಲಿ 'ಮನೆ' ಅಂತ ಹೊಸದೊಂದು ಫೋಲ್ಡರ್ ಮಾಡಿ, ಅದರೊಳಗೆ 'ಫೋಟೋ', 'ಲೆಕ್ಕ', 'ಹೊಸದು' ಅಂತ ಮೂರು ಮಾಡಿ. 'ಮನೆ' ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್. ಶೇರ್ ದಿಸ್ ಫೋಲ್ಡರ್‌ಗೆ ಟಿಕ್ ಹಾಕಿ ಪರ್ಮಿಷನ್ಸ್ ಒತ್ತಿ. ಅಲ್ಲಿ ಎವ್ರಿಒನ್ ಇರುತ್ತದೆ, ಅದನ್ನು ತೆಗೆದುಹಾಕಿ. ಆ್ಯಡ್ ಒತ್ತಿ ಮನೆಯವರ ಅಕೌಂಟ್‌ಗಳನ್ನು ಸೇರಿಸಿ, ನಿಮ್ಮದನ್ನೂ ಸೇರಿಸಿ, ಎಲ್ಲರಿಗೂ ಚೇಂಜ್ (ಬದಲಿಸುವ, ಅಳಿಸುವ ಅನುಮತಿ) ಮತ್ತು ರೀಡ್ (ಓದುವ ಅನುಮತಿ) ಕೊಡಿ. ಫುಲ್ ಕಂಟ್ರೋಲ್ ಬೇಡ, ಅದು ಇದ್ದವರು ಅನುಮತಿಗಳನ್ನೇ ಬದಲಿಸಲು ದಾರಿಯಾಗುತ್ತದೆ.

ತಂಗಿಗೂ ಚೇಂಜ್ ಕೊಟ್ಟರೆ ಮತ್ತೆ ಅದೇ ಕಥೆ ಅಲ್ವಾ ಅಂತ ಕೇಳಬಹುದು. ಅಲ್ಲ, ಯಾಕಂದರೆ ಇಲ್ಲಿ ಎರಡು ಬಾಗಿಲುಗಳಿವೆ. ಹೊರಬಾಗಿಲು ಈಗ ನೋಡಿದ ಶೇರ್ ಪರ್ಮಿಷನ್, ನೆಟ್‌ವರ್ಕ್‌ನಿಂದ ಬರುವವರಿಗೆ ಮಾತ್ರ. ಒಳಬಾಗಿಲು ಸೆಕ್ಯುರಿಟಿ ಟ್ಯಾಬ್, ಅದು ನೆಟ್‌ವರ್ಕ್‌ನಿಂದ ಬಂದವರಿಗೂ ಅನ್ವಯಿಸುತ್ತದೆ, ಅದೇ ಕಂಪ್ಯೂಟರ್ ಮುಂದೆ ಕೂತವರಿಗೂ. ನೆಟ್‌ವರ್ಕ್ ಮೂಲಕ ಬಂದವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕ. ಹೊರಗೆ ಚೇಂಜ್ ಇದ್ದು ಒಳಗೆ ಬರೀ ರೀಡ್ ಇದ್ದರೆ ಓದಬಹುದು ಅಷ್ಟೇ. ಹೊರಗೆ ರೀಡ್ ಇಟ್ಟು ಒಳಗೆ ಎಷ್ಟೇ ಸಡಿಲ ಬಿಟ್ಟರೂ ಬರೆಯಲು ಆಗುವುದಿಲ್ಲ. ಹಾಗಾಗಿ ಹೊರಬಾಗಿಲನ್ನು ಎಲ್ಲರಿಗೂ ಒಂದೇ ಥರ ಇಟ್ಟು, ಬಿಗಿ ಮಾಡುವ ಕೆಲಸವನ್ನೆಲ್ಲ ಒಳಬಾಗಿಲಲ್ಲೇ ಮಾಡುವುದು ಸುಲಭ. ಎರಡೂ ಕಡೆ ತಿರುಗಿಸುತ್ತಾ ಕೂತರೆ ಆರು ತಿಂಗಳ ಮೇಲೆ ಎಲ್ಲಿ ಏನು ಮಾಡಿದ್ದೆ ಅಂತ ನಿಮಗೇ ಗೊತ್ತಾಗುವುದಿಲ್ಲ.

'ಫೋಟೋ' ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್ ತೆರೆದು ಅಡ್ವಾನ್ಸ್ಡ್‌ಗೆ ಹೋಗಿ. ಡ್ರೈವ್‌ನಿಂದ ಇಳಿದು ಬಂದ ಅನುಮತಿಗಳು ಅಲ್ಲಿ ಕಾಣುತ್ತವೆ. ಆಥೆಂಟಿಕೇಟೆಡ್ ಯೂಸರ್ಸ್‌ಗೆ ಮಾಡಿಫೈ ಅಂತ ಇದ್ದರೆ ಅಕೌಂಟ್ ಇರುವ ಯಾರು ಬೇಕಾದರೂ ಅಳಿಸಬಹುದು ಅಂತ ಅರ್ಥ. ಡಿಸೇಬಲ್ ಇನ್ಹೆರಿಟೆನ್ಸ್ ಒತ್ತಿ. ಎರಡು ಆಯ್ಕೆ ಕೇಳುತ್ತದೆ, ಕನ್ವರ್ಟ್ ಅಂತ ಶುರುವಾಗುವುದನ್ನೇ ಆರಿಸಿ. ಈಗ ಯೂಸರ್ಸ್, ಆಥೆಂಟಿಕೇಟೆಡ್ ಯೂಸರ್ಸ್ ಎರಡನ್ನೂ ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಹಾಗೇ ಇರಲಿ. ನಿಮ್ಮ ಅಕೌಂಟ್‌ಗೆ ಮಾಡಿಫೈ, ಉಳಿದವರಿಗೆ ರೀಡ್ ಅಂಡ್ ಎಕ್ಸಿಕ್ಯೂಟ್, ಅಂದರೆ ತೆರೆದು ನೋಡಬಹುದು, ಬದಲಿಸಲು ಅಳಿಸಲು ಆಗುವುದಿಲ್ಲ. 'ಲೆಕ್ಕ'ಕ್ಕೂ ಇದೇ ಕ್ರಮ, ಹೆಸರುಗಳಷ್ಟೇ ಬೇರೆ. ಅದನ್ನು ನೋಡಬೇಕಾದವರನ್ನು ಬಿಟ್ಟು ಬೇರೆಯವರನ್ನು ಸೇರಿಸಲೇಬೇಡಿ. ಡಿನೈ ಕಾಲಮ್ ಮುಟ್ಟಬೇಡಿ. ಹೆಸರು ಇಲ್ಲದಿದ್ದರೆ ಪ್ರವೇಶವೂ ಇಲ್ಲ, ಅಷ್ಟು ಸಾಕು. ಸುಮ್ನೆ ಯೂಸರ್ಸ್ ಗುಂಪಿಗೆ ಡಿನೈ ಹಾಕಿದರೆ ಆ ಗುಂಪಿನಲ್ಲಿ ನೀವೂ ಇರುತ್ತೀರಿ, ನಿಮ್ಮ ಫೋಲ್ಡರ್ ನಿಮಗೇ ಬಂದ್ ಆಗುತ್ತದೆ.

'ಹೊಸದು' ಫೋಲ್ಡರ್‌ನಲ್ಲಿ ಎಲ್ಲರಿಗೂ ಮಾಡಿಫೈ ಕೊಡಿ. ಮನೆಯವರು ತಮ್ಮ ಫೋಟೋಗಳನ್ನು ಅಲ್ಲಿ ಹಾಕಲಿ, ನೀವು ಪುರುಸೊತ್ತಾದಾಗ 'ಫೋಟೋ'ಗೆ ಸೇರಿಸಿ. ಸೇರಿಸುವಾಗ ಕಟ್ ಮಾಡಬೇಡಿ, ಕಾಪಿ ಮಾಡಿ ಆಮೇಲೆ ಹಳೆಯದನ್ನು ಅಳಿಸಿ. ಒಂದೇ ಡ್ರೈವ್ ಒಳಗೆ ಫೈಲ್ ಸರಿಸಿದರೆ ಹಳೆಯ ಅನುಮತಿ ಅದರ ಜೊತೆಗೇ ಬಂದುಬಿಡಬಹುದು. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ಸಿಗುತ್ತದೆ.

ಇನ್ನೊಂದು ಕಂಪ್ಯೂಟರ್‌ನಿಂದ ತೆರೆಯುವುದು ಸಲೀಸು. ಫೈಲ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರ್ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣದಿದ್ದರೂ ಹೀಗೆ ಟೈಪ್ ಮಾಡಿದರೆ ಎಷ್ಟೋ ಸಲ ತೆರೆಯುತ್ತದೆ. ಆ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದ್ದರೆ ಮಾತ್ರ ಸಿಗುವುದಿಲ್ಲ. ವಿಂಡೋಸ್ ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ತಕರಾರು ಮಾಡಿದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಅದನ್ನು ಅಳಿಸಿ ಮತ್ತೆ ಲಾಗಿನ್ ಆಗಿ. ಹಳೆಯ ಟಿವಿಗೋ ಸ್ಕ್ಯಾನರ್‌ಗೋ ಫೋಲ್ಡರ್ ಕಾಣದಿದ್ದರೆ ಎಸ್‌ಎಂಬಿ 1 (ಫೈಲ್ ಶೇರಿಂಗ್‌ನ ಹಳೆಯ ವಿಧಾನ) ಆನ್ ಮಾಡಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ, ಮಾಡಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ 2017ರ ವಾನಾಕ್ರೈ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಆ ಯಂತ್ರಕ್ಕೆ ಪೆನ್ ಡ್ರೈವ್ ಹಾಕಿಕೊಳ್ಳಿ.

ಅಸಲಿ ಫೋಟೋ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. 'ಫೋಟೋ' ಒಳಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಇಡಿ. ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಿಂದಲೂ ಅವರವರ ಅಕೌಂಟ್‌ನಲ್ಲಿ ಹೋಗಿ ಅದನ್ನು ತೆರೆದು ನೋಡಿ, ಆಮೇಲೆ ಡಿಲೀಟ್ ಒತ್ತಿ. ಅನುಮತಿ ಬೇಕು ಅನ್ನುವ ಚಿಕ್ಕ ಕಿಟಕಿ ಬಂದು, ಫೈಲ್ ಅಲ್ಲೇ ಉಳಿಯಬೇಕು. ನಾನು ತಂಗಿಯ ಕೈಯಲ್ಲೇ ಒತ್ತಿಸಿದೆ, ಎರಡು ಸಲ. ಎರಡು ಸಲವೂ ಫೈಲ್ ಅಲ್ಲಾಡಲಿಲ್ಲ. ಆಮೇಲೇ ಉಳಿದಿದ್ದ ಫೋಟೋಗಳನ್ನು ಅದರೊಳಗೆ ಹಾಕಿದ್ದು, ಒಂದು ಕಾಪಿ ಬೇರೆ ಹಾರ್ಡ್ ಡಿಸ್ಕ್‌ಗೂ ತೆಗೆದು ಕೇಬಲ್ ಬಿಚ್ಚಿಟ್ಟಿದ್ದು.