ಬೇಸ್ ಒಂದೇ ಸಲ ಸುರಿದ ದಿನ

ಎನ್‌ಎಂಆರ್ (ಅಣುವಿನಲ್ಲಿ ಯಾವ ಹೈಡ್ರೋಜನ್ ಎಲ್ಲಿದೆ ಎಂದು ತೋರಿಸುವ ಪರೀಕ್ಷೆ) ತೆಗೆದು ನೋಡಿದರೆ ಬರೀ ಆರೊಮ್ಯಾಟಿಕ್ ಪ್ರೋಟಾನ್‌ಗಳು, ಅಂದರೆ ಬೆಂಜೀನ್ ಉಂಗುರದ ಹೈಡ್ರೋಜನ್‌ಗಳು. ನನಗೆ ಬೇಕಿದ್ದದ್ದು 5.7 ಪಿಪಿಎಂ ಹತ್ತಿರ ಒಂದು ಡಬಲ್ ಡಬ್ಲೆಟ್ (ನಾಲ್ಕಾಗಿ ಸೀಳಿದ ಗೆರೆ), 3.3 ಮತ್ತು 3.8ರ ಹತ್ತಿರ ಇನ್ನೆರಡು. ನೈಟ್ರೈಲ್ ಆಕ್ಸೈಡ್ ಒಂದು ಆಲ್ಕೀನಿಗೆ ಸೇರಿದಾಗ ಆಗುವ ಐದು ಪರಮಾಣುಗಳ ಐಸಾಕ್ಸಜೋಲಿನ್ ಉಂಗುರದ ಗುರುತು ಅದು. ಹೆಸರಿಗೂ ಇರಲಿಲ್ಲ.

ಬೆಂಜಾಲ್ಡಾಕ್ಸೈಮನ್ನು ಎನ್-ಕ್ಲೋರೋಸಕ್ಸಿನಿಮೈಡ್‌ನಿಂದ ಕ್ಲೋರೈಡ್ ಮಾಡಿಕೊಂಡು, ಸ್ಟೈರೀನ್ ಸೇರಿಸಿ, ಬೇಸ್ ಆಗಿ ಟ್ರೈಈಥೈಲಮೈನನ್ನು ಒಂದೇ ಸಲ ಸುರಿದಿದ್ದೆ. ಬಿಳಿ ಉಪ್ಪು ದಪ್ಪಗೆ ಇಳಿದಾಗ ಖುಷಿಯೂ ಪಟ್ಟಿದ್ದೆ. ಒಳಗೆ ಆ ಕ್ಲೋರೈಡಿನಿಂದ ನೈಟ್ರೈಲ್ ಆಕ್ಸೈಡ್ ಒಟ್ಟಿಗೇ ಹುಟ್ಟಿ, ಸ್ಟೈರೀನ್ ಕಡೆ ತಿರುಗಿಯೂ ನೋಡದೆ ತನ್ನ ಜೊತೆಗೆ ತಾನೇ ಸೇರಿ ಫ್ಯೂರಾಕ್ಸನ್ ಆಗಿತ್ತು.

ಅಲ್ಲಿಯವರೆಗೆ ನನಗೆ 1,3-ಡೈಪೋಲ್ (ಡಬಲ್ ಅಥವಾ ಟ್ರಿಪಲ್ ಬಾಂಡಿಗೆ ಸೇರಿ ಐದರ ಉಂಗುರ ಕಟ್ಟುವ, ನೈಟ್ರೈಲ್ ಆಕ್ಸೈಡಿನಂಥ ಮೂರು ಪರಮಾಣುಗಳ ಜೋಡಣೆ) ಅಂದರೆ ರೋಲ್ಫ್ ಹ್ಯೂಸ್ಗೆನ್ 1960ರ ದಶಕದಲ್ಲಿ ಹಾಕಿಕೊಟ್ಟ ಚೌಕಟ್ಟಿನ ಎರಡು ಗುಂಪು, ಅಷ್ಟೇ. ಬಾಗಿದವು ಅಲೈಲ್ ಬಗೆ: ನೈಟ್ರೋನ್, ಅಝೋಮೀಥೈನ್ ಇಲೈಡ್, ಓಝೋನ್. ನೆಟ್ಟಗಿರುವವು ಪ್ರೊಪಾರ್ಜಿಲ್ ಬಗೆ: ಅಝೈಡ್, ಡಯಾಜೋ, ನೈಟ್ರೈಲ್ ಆಕ್ಸೈಡ್. ಆಮೇಲೆ ಸುಸ್ಟ್‌ಮನ್ ವಿಂಗಡಣೆ ಓದಿದೆ. ಅಲ್ಲಿ ಆಕಾರದ ಮಾತಿಲ್ಲ, ಆರ್ಬಿಟಲ್ ಮಾತು. ಡಯಾಜೋಮೀಥೇನ್ ತನ್ನ ಹೋಮೋದಿಂದ (ಎಲೆಕ್ಟ್ರಾನ್ ತುಂಬಿದ ಅತಿ ಮೇಲಿನ ಆರ್ಬಿಟಲ್) ಎಲೆಕ್ಟ್ರಾನ್ ಕೊಡುತ್ತದೆ, ಹಾಗಾಗಿ ಎಲೆಕ್ಟ್ರಾನ್ ಕಡಿಮೆ ಇರುವ ಅಕ್ರಿಲೇಟ್ ಅಂದರೆ ಇಷ್ಟ. ಓಝೋನ್ ತನ್ನ ಲೂಮೋಗೆ (ಖಾಲಿ ಇರುವ ಅತಿ ಕೆಳಗಿನ ಆರ್ಬಿಟಲ್) ತೆಗೆದುಕೊಳ್ಳುತ್ತದೆ, ಅದಕ್ಕೆ ಎಲೆಕ್ಟ್ರಾನ್ ಜಾಸ್ತಿ ಇರುವ ಆಲ್ಕೀನ್ ಬೇಕು. ಅಝೈಡ್, ನೈಟ್ರೋನ್, ನೈಟ್ರೈಲ್ ಆಕ್ಸೈಡ್ ನಡುವಿನವು, ಎರಡೂ ಕಡೆ ಹೊಂದಿಕೊಳ್ಳುತ್ತವೆ. ಅಂದರೆ ನಾನು ಸ್ಟೈರೀನ್ ಆರಿಸಿದ್ದು ತಪ್ಪಲ್ಲ. ಸುರಿದ ರೀತಿ ತಪ್ಪು.

ಲೆಕ್ಕ ಸುಲಭ. ಡೈಮರ್, ಅಂದರೆ ಆ ಫ್ಯೂರಾಕ್ಸನ್, ಆಗಲು ಎರಡು ನೈಟ್ರೈಲ್ ಆಕ್ಸೈಡ್ ಬೇಕು. ಅದರ ಸಾಂದ್ರತೆ ಅರ್ಧಕ್ಕಿಳಿದರೆ ಡೈಮರ್ ವೇಗ ಕಾಲು ಭಾಗಕ್ಕೆ ಬೀಳುತ್ತದೆ, ಸ್ಟೈರೀನ್ ಜೊತೆಗಿನ ವೇಗ ಅರ್ಧಕ್ಕೆ ಮಾತ್ರ. ಎರಡನೇ ಸಲ ಸ್ಟೈರೀನ್ ಜಾಸ್ತಿ ಹಾಕಿದೆ, ಫ್ಲಾಸ್ಕನ್ನು ಐಸಿನಲ್ಲಿಟ್ಟೆ, ಬೇಸನ್ನು ತೆಳುಮಾಡಿ ಸಿರಿಂಜ್ ಪಂಪಿನಲ್ಲಿ ನಾಲ್ಕು ಗಂಟೆ ಬಿಟ್ಟೆ. ಆ 5.7 ಬಂತು. ಫೀನೈಲ್ ಐದನೇ ಜಾಗದಲ್ಲೇ ಕೂತಿತ್ತು, ಅಂದರೆ ಆಕ್ಸಿಜನ್ ಪಕ್ಕದ ಕಾರ್ಬನ್ನಿನಲ್ಲಿ.

ನೈಟ್ರೋನ್ ಇಷ್ಟು ಕಾಡಲಿಲ್ಲ. ಮಾಡಿ ಬಾಟಲಿಯಲ್ಲಿಟ್ಟೆ, ಬೇಕಾದಾಗ ಸ್ಟೈರೀನ್ ಜೊತೆ ಟಾಲುವೀನಿನಲ್ಲಿ ರಾತ್ರಿಯಿಡೀ ಕುದಿಸಿದೆ. ಬೆಂಜೈಲ್ ಅಝೈಡನ್ನು ಫೀನೈಲ್ ಅಸಿಟಿಲೀನ್ ಜೊತೆ ಸುಮ್ನೆ ಬಿಸಿ ಮಾಡಿದಾಗ 1,4 ಮತ್ತು 1,5 ಟ್ರಯಜೋಲ್ (ಮೂರು ನೈಟ್ರೋಜನ್ ಇರುವ ಐದರ ಉಂಗುರ) ಎರಡೂ ಬಂದವು; ತಾಮ್ರ ಹಾಕಿದರೆ 1,4 ಒಂದೇ. (ಕಾರ್ಬನ್ ಕಡಿಮೆ ಇರುವ ಸಣ್ಣ ಅಝೈಡ್‌ಗಳನ್ನು ಮಾತ್ರ ಒಣಗಿಸಿ ಇಡಬೇಡಿ, ಸಿಡಿಯುತ್ತವೆ.)

ಈಗ ನನ್ನ ನೋಟ್‌ಬುಕ್ಕಿನಲ್ಲಿ ಇನ್ನೆರಡು ಕಾಲಂ ಇವೆ: ಬಾಟಲಿಯಲ್ಲಿ ಇಡಬಹುದಾದ್ದು, ಫ್ಲಾಸ್ಕಿನಲ್ಲೇ ಹುಟ್ಟಿಸಬೇಕಾದ್ದು. ನನ್ನ ನೈಟ್ರೈಲ್ ಆಕ್ಸೈಡುಗಳಲ್ಲಿ ಮೆಸಿಟೋನೈಟ್ರೈಲ್ ಆಕ್ಸೈಡ್ ಮಾತ್ರ ಮೊದಲನೇ ಕಾಲಂನಲ್ಲಿದೆ. ಆಕಾರದಲ್ಲೂ ಆರ್ಬಿಟಲ್‌ನಲ್ಲೂ ನನ್ನ ಕೈಕೊಟ್ಟದ್ದರ ಅಣ್ಣತಮ್ಮನೇ. ಆದರೆ ಪಕ್ಕದ ಎರಡು ಮೀಥೈಲ್‌ಗಳು ಅಡ್ಡ ನಿಂತು ಡೈಮರ್ ಆಗಲು ಬಿಡುವುದಿಲ್ಲ.