ಹೊಲಿಗೆ ಅಂಗಡಿಯಲ್ಲಿ ನನ್ನ ಪ್ರಾರ್ಥನೆ

ಭಾನುವಾರ ಚರ್ಚಿನ ಪೂಜೆಗೆ ಹೋಗೋದು ನನಗೆ ಎಂದೂ ಕಷ್ಟವಾಗಿಲ್ಲ. ಸೋಮವಾರದಿಂದ ಶನಿವಾರದವರೆಗೆ ಏನು ಮಾಡಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಎಚ್ಚರವಿರುವ ಹೊತ್ತೆಲ್ಲ ನಾನು ಅಲ್ಲೇ ಇರ್ತೇನೆ. ಹಾಗಾಗಿ ಪ್ರಾರ್ಥನೆಯನ್ನೂ ಅಲ್ಲಿಗೇ ಕರೆದುಕೊಂಡು ಹೋದೆ.

ಮಷಿನ್ ಮೇಲೆ ಕೂತಾಗ ನಾನು ಜಪ ಮಾಡುವುದಿಲ್ಲ. ಆಗ ಕಣ್ಣು, ಮನಸ್ಸು ಎರಡೂ ಬಟ್ಟೆ ಮೇಲೇ ಇರಬೇಕು. ನೇರವಾದ ಹೊಲಿಗೆಯೂ ದೇವರಿಗೆ ಸಲ್ಲುತ್ತದೆ ಅಂತಲೇ ನನ್ನ ನಂಬಿಕೆ. ಮಣಿ ಎಣಿಸುತ್ತಾ ಮಾತೆ ಮರಿಯಮ್ಮನವರಿಗೆ ಹೇಳುವ ಜಪಸರಕ್ಕೆ (ರೋಸರಿ) ಸರಿಯಾದ ಹೊತ್ತು ಅಂದ್ರೆ ಸೀರೆಗೆ ಫಾಲ್ ಹಾಕುವಾಗ. ಅದು ಕೈಹೊಲಿಗೆ, ನಿಧಾನದ ಕೆಲಸ. ಮಣಿ ಹಿಡಿಯಲು ಕೈ ಬಿಡುವಿರಲ್ಲ, ಅದಕ್ಕೆ ಫಾಲ್ ಉದ್ದಕ್ಕೂ ಚುಚ್ಚಿದ ಗುಂಡುಪಿನ್ನುಗಳೇ ನನಗೆ ಲೆಕ್ಕ. ಹತ್ತು ಸಲ ‘ನಮೋ ಮರಿಯ’ ಪ್ರಾರ್ಥನೆ ಮುಗಿದರೆ ಒಂದು ಪಿನ್ ತೆಗೆದು ಡಬ್ಬಿಗೆ ಹಾಕುತ್ತೇನೆ. ಐದು ಪಿನ್ ಡಬ್ಬಿಗೆ ಬಿದ್ದರೆ ಒಂದು ಜಪಸರ. ಸೀರೆ ಯಾರದೋ ಅವರಿಗಾಗಿಯೇ ಆ ಜಪ. ಮದುವೆ ಸೀರೆಯಾದರೆ ಆ ಹುಡುಗಿಗೆ, ಅವಳು ಹೋಗುವ ಮನೆಗೆ. ಜಪಸರ ಹೇಳುತ್ತಾ ಧ್ಯಾನಿಸುವ ಯೇಸುವಿನ ಬದುಕಿನ ಘಟನೆಗಳನ್ನು ನಾವು ರಹಸ್ಯಗಳು ಅನ್ನುತ್ತೇವೆ. ಗುರುವಾರ ಬಂದರೆ ಬೆಳಕಿನ ರಹಸ್ಯಗಳು. 2002ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಸೇರಿಸಿದ ಇವುಗಳಲ್ಲಿ ಯೇಸು ಅತಿಥಿಯಾಗಿ ಹೋಗಿದ್ದ ಕಾನಾ ಊರಿನ ಮದುವೆಯೂ ಇದೆ. ಮದುವೆ ಸೀರೆ ಕೈಯಲ್ಲಿದ್ದಾಗ ಆ ರಹಸ್ಯ ಧ್ಯಾನಿಸೋದು ನನಗೆ ತುಂಬಾ ಇಷ್ಟ.

ಸಂಜೆ ಷಟರ್ ಎಳೆಯುವ ಮುಂಚೆ ಆರ್ಡರ್ ಪುಸ್ತಕ ತೆರೆದು ಕೂರುತ್ತೇನೆ. ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಆತ್ಮಪರಿಶೀಲನೆಯನ್ನು ನಾನು ಮಾಡುವುದು ಆ ಪುಸ್ತಕ ಇಟ್ಟುಕೊಂಡೇ. ಮೊದಲು ದಿನಕ್ಕಾಗಿ ದೇವರಿಗೆ ವಂದನೆ. ಆಮೇಲೆ ನೋಡುವ ಬೆಳಕು ಕೊಡು ಅಂತ ಪವಿತ್ರಾತ್ಮರನ್ನು ಕೇಳುವುದು. ನಂತರ ಇವತ್ತು ಬಂದವರ ಹೆಸರು ಒಂದೊಂದಾಗಿ ಓದುತ್ತೇನೆ. ಇವರ ಹತ್ತಿರ ಹೇಗೆ ಮಾತಾಡಿದೆ? ಉಳಿದ ಬಟ್ಟೆ ಕವರಿಗೆ ಹಾಕಿಕೊಟ್ಟೆನಾ? ಲೈನಿಂಗಿಗೆ ಸರಿಯಾದ ದುಡ್ಡು ತಗೊಂಡೆನಾ? ಕೊನೆಗೆ ಕ್ಷಮೆ ಕೇಳಿ, ನಾಳೆಯ ಡೆಲಿವರಿಗಳನ್ನು ದೇವರ ಕೈಗೆ ಒಪ್ಪಿಸುತ್ತೇನೆ. ಫಾದರ್ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗುವಾಗಲೂ ಈ ಅಭ್ಯಾಸ ಬಹಳ ಸಹಾಯ ಮಾಡುತ್ತದೆ. ಸುಮ್ನೆ ‘ನಾನು ಪಾಪಿ’ ಅಂದುಬಿಡೋದಲ್ಲ, ಏನು, ಯಾರಿಗೆ ಅನ್ನೋದು ಗೊತ್ತಿರುತ್ತದೆ.

ನಮ್ಮ ಕೆಲಸದಲ್ಲಿ ಹತ್ತು ಕಟ್ಟಳೆಗಳಲ್ಲಿ ಸುಳ್ಳು ಹೇಳಬೇಡ ಅನ್ನೋ ಎಂಟನೇ ಕಟ್ಟಳೆಯೇ ಜಾಸ್ತಿ ಪರೀಕ್ಷೆಗೆ ಬರುತ್ತದೆ. ‘ನಾಳೆ ಬನ್ನಿ, ರೆಡಿ ಇರುತ್ತೆ’ ಅನ್ನೋ ಮಾತು ಟೈಲರ್ ಬಾಯಲ್ಲಿ ಎಷ್ಟು ಸಲೀಸು ಅಲ್ವಾ? ಅದಕ್ಕೆ ತಾರೀಕು ಕೊಡುವ ಮುಂಚೆ ಪುಸ್ತಕ ನೋಡುತ್ತೇನೆ. ಆಗದಿದ್ದರೆ ಆಗಲ್ಲ ಅಂತಲೇ ಹೇಳುತ್ತೇನೆ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ ಚರ್ಚಿನ ಹಬ್ಬ ಸೆಪ್ಟೆಂಬರ್ 8ಕ್ಕೆ. ಹರಕೆ ಹೊತ್ತವರ ಕಾವಿ ಬಟ್ಟೆಗಳು ಆಗಸ್ಟಿನಲ್ಲೇ ಬಂದು ಬೀಳುತ್ತವೆ. ಆಗ ‘ಆಗಲ್ಲ’ ಅನ್ನೋದು ಕಷ್ಟ. ಆದರೆ ಹರಕೆಯ ಬಟ್ಟೆಗೇ ಸುಳ್ಳು ತಾರೀಕು ಕೊಡೋದಾ?

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ನನಗೆ ಅಂಗಡಿಯಲ್ಲೇ ಒಬ್ಬರು ಜೊತೆ ಸಿಕ್ಕರು. ನಮ್ಮ ಕಟಿಂಗ್ ಮಾಸ್ಟರ್ ಮುಸ್ಲಿಮರು. 2025ರಲ್ಲಿ ರಂಜಾನ್ ಶುರುವಾದ ಕೆಲವೇ ದಿನಕ್ಕೆ, ಮಾರ್ಚ್ 5ರಂದು, ತಪಸ್ಸುಕಾಲ ಶುರುವಾಗುವ ನಮ್ಮ ವಿಭೂತಿ ಬುಧವಾರ ಬಂತು. ಹಣೆ ಮೇಲೆ ಬೂದಿ ಇಟ್ಟುಕೊಂಡು ಅಂಗಡಿಗೆ ಬಂದೆ. ‘ಅಕ್ಕ, ಇವತ್ತು ನಿಮಗೂ ಉಪವಾಸನಾ?’ ಅಂದರು. ಹೌದು, ಒಂದೇ ಹೊತ್ತು ಊಟ ಅಂದೆ. ಆ ತಿಂಗಳು ಅಂಗಡಿಯಲ್ಲಿ ಮಧ್ಯಾಹ್ನದ ಟೀ ತರಿಸಲಿಲ್ಲ. ಆ ದುಡ್ಡು ಇಬ್ಬರೂ ಒಂದೇ ಡಬ್ಬಿಗೆ ಹಾಕಿ, ಹಬ್ಬಕ್ಕೆ ಪಕ್ಕದ ಬೀದಿಯ ಅಜ್ಜಿಯೊಬ್ಬರಿಗೆ ರೇಷನ್ ಕೊಡಿಸಿದೆವು.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಜೊಪ್ಪ ಊರಿನ ತಬಿಥಾ ಬರುತ್ತಾಳೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸುತ್ತಾರೆ. ಹೊಲಿಯುವವಳಿಗೆ ಇದಕ್ಕಿಂತ ಹತ್ತಿರದ ಮಾತು ಬೈಬಲಿನಲ್ಲಿ ಇನ್ನೆಲ್ಲಿದೆ? ಅದಕ್ಕೇ ಪ್ರಥಮ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್) ಸ್ವೀಕರಿಸುವ ಮಕ್ಕಳಲ್ಲಿ ಕೈಲಾಗದ ಮನೆಯವರಿಗೆ ನಾನು ದುಡ್ಡು ತಗೊಳ್ಳದೆ ಬಿಳಿ ಫ್ರಾಕ್ ಹೊಲಿದು ಕೊಡುತ್ತೇನೆ. ದುಡ್ಡು ಕೊಟ್ಟವರಿಗೆ ಹಾಕಿದ ಸ್ಯಾಟಿನ್ನೇ, ಅದೇ ಲೇಸೇ ಇವರಿಗೂ. ಮಗು ಬೆಳೆದರೆ ಬಿಚ್ಚಿ ಉದ್ದ ಮಾಡಲು ಒಳಗೆ ನಾಲ್ಕು ಬೆರಳು ಬಟ್ಟೆ ಜಾಸ್ತಿ ಮಡಚಿರುತ್ತೇನೆ. ಅಳತೆಗೆ ಮಕ್ಕಳನ್ನು ಪಾಸ್ಕ (ಈಸ್ಟರ್) ಮುಗಿದ ವಾರವೇ ಕಳಿಸಿ ಅಂತ ಫಾದರ್ ಹತ್ತಿರ ಹೇಳಿಟ್ಟಿದ್ದೇನೆ.