ಸತ್ತ ಅಡಾಪ್ಟರಿನಿಂದ ಮನೆಯ ಕರೆಂಟ್ ಅಳೆದೆ: ನನ್ನ ಅನುಭವ

ಹಳೇ ಅಡಾಪ್ಟರಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಸಿ.ಟಿ. (ವೈರ್ ಕತ್ತರಿಸದೆ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಮಾಡ್ತೀನಿ ಎಂದಾಗ ನಕ್ಕವರೇ ಜಾಸ್ತಿ. "ಇಐ ಕೋರ್ (ಇ, ಐ ಆಕಾರದ ಕಬ್ಬಿಣದ ತಗಡುಗಳು) ಅಳತೆಗೆ ಬರಲ್ಲ ಮಾರಾಯ, ಲೀನಿಯರ್ ಇರಲ್ಲ, ಕರೆಂಟಿಗೆ ತಕ್ಕಂತೆ ಏರಲ್ಲ" ಎಂದು ಒಬ್ಬರು ಪಾಠವನ್ನೇ ಮಾಡಿದರು. ಈಗ ನಮ್ಮ ಡಿ.ಬಿ. (ಮನೆಯ ಎಂಸಿಬಿಗಳ ಪೆಟ್ಟಿಗೆ) ಪಕ್ಕದ ಡಬ್ಬಿಯಲ್ಲಿ ಅಂಥವು ನಾಲ್ಕು ಕೂತಿವೆ. ವರ್ಷದ ಮೇಲಾಯಿತು, ತಂಟೆಯಿಲ್ಲ. ಪಾಠ ಮಾಡಿದವರೂ ತಮಗೊಂದು ಬೇಕು ಅಂತಿದ್ದಾರೆ.

ಇದಕ್ಕೆ ಕೈ ಹಾಕಿದ್ದು ಗೃಹಜ್ಯೋತಿ ಬಂದ ಮೇಲೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಗೊತ್ತಲ್ವಾ. ನಮ್ಮದು ತಿಂಗಳು ತಿಂಗಳೂ ಆ ಗೆರೆಯ ಮೇಲೇ ಆಡುತ್ತಿತ್ತು. ಯಾವ ಲೈನ್ ತಿನ್ನುತ್ತಿದೆ ಎಂದು ಮೀಟರ್ ಹೇಳುವುದಿಲ್ಲ.

ಮೊದಲು ಎಲ್ಲರ ಹಾಗೆ ಎಸಿಎಸ್712 ಎಂಬ ಕರೆಂಟ್ ಸೆನ್ಸರ್ ತಂದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೂರೈವತ್ತು ರೂಪಾಯಿ ಆಸುಪಾಸು. 30 ಆಂಪಿಯರಿನದು ಒಂದು ಆಂಪಿಯರಿಗೆ ಕೊಡುವುದು 66 ಮಿಲಿವೋಲ್ಟ್. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಬೋರ್ಡಿನ 10 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್, ಅಂದರೆ ಹತ್ತಿರಹತ್ತಿರ 17 ವ್ಯಾಟ್. ಅದರ ಮೇಲೆ ಅದರದೇ ನಾಯ್ಸ್. ಎಲ್ಲ ಸ್ವಿಚ್ ಆಫ್ ಮಾಡಿದರೂ ನಲವತ್ತು ಐವತ್ತು ವ್ಯಾಟ್ ತೋರಿಸುತ್ತಾ ಕುಣಿಯುತ್ತಿತ್ತು. ಸಾಲದ್ದಕ್ಕೆ ಮೇನ್ಸ್ ವೈರ್ ಕತ್ತರಿಸಿ ಆ ಪುಟ್ಟ ಹಸಿರು ಟರ್ಮಿನಲ್ಲಿಗೇ ಕೊಡಬೇಕು. ಗೀಸರ್ ಲೈನಿಗೆ ಹಾಕಿ ಅರ್ಧ ಗಂಟೆಯಲ್ಲಿ ಸ್ಕ್ರೂ ಮುಟ್ಟಲಾಗದಷ್ಟು ಬಿಸಿ. ಅಂದೇ ಕಿತ್ತು ಬಿಸಾಕಿದೆ.

ಆಮೇಲೆ ಎಸ್‌ಸಿಟಿ-013 ಕ್ಲಾಂಪ್, ವೈರ್ ಕತ್ತರಿಸದೆ ಅದರ ಸುತ್ತ ಕಚ್ಚಿಸುವ ರೆಡಿಮೇಡ್ ಸಿ.ಟಿ. ಅದು ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಒಂದಕ್ಕೆ ಆರುನೂರರ ಹತ್ತಿರ ಕೊಟ್ಟೆ. ನಾಲ್ಕು ಲೈನಿಗೆ ಲೆಕ್ಕ ಹಾಕಿ, ಉಳಿಸುವ ಬಿಲ್ಲಿಗಿಂತ ಇದೇ ಜಾಸ್ತಿಯಾಯಿತಲ್ಲ ಅನಿಸಿತು. 100 ಆಂಪಿಯರಿನ ಕ್ಲಾಂಪಿಗೆ ಎರಡು ಎಲ್‌ಇಡಿ ಬಲ್ಬು ಕಾಣಿಸುವುದೂ ಕಷ್ಟ. ಕೆಟ್ಟ ಸಿಎಫ್‌ಎಲ್ ಬಿಚ್ಚಿ ಅದರ ಫೆರೈಟ್ ರಿಂಗಿಗೆ ಕೈ ನೋಯುವಷ್ಟು ಸುತ್ತಿಯೂ ನೋಡಿದೆ. ಮನೆಯ ಕರೆಂಟಿನ 50 ಹರ್ಟ್ಸಿಗೆ ಅದು ಜಗ್ಗಲಿಲ್ಲ.

ಗುಜರಿ ಡಬ್ಬಿಯಲ್ಲಿ ಕಾರ್ಡ್‌ಲೆಸ್ ಫೋನಿನ ಹಳೇ ಅಡಾಪ್ಟರುಗಳಿದ್ದವು. ಎಸ್‌ಎಂಪಿಎಸ್ ಎಂಬ ಹಗುರ ಸರ್ಕ್ಯೂಟ್ ಬರುವ ಮೊದಲಿನವು, ಕೈಯಲ್ಲಿ ಹಿಡಿದರೆ ಭಾರ. ಒಳಗಿನ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆ ಕೂದಲಿನಂಥ ತಂತಿ ಆಗಲೇ ಮೂರು ಸಾವಿರದ ಮೇಲೆ ಸುತ್ತು ಇರುತ್ತದೆ. ಅಷ್ಟು ಸುತ್ತುವ ಕೆಲಸ ಕಾರ್ಖಾನೆಯವರೇ ಮಾಡಿಟ್ಟಿದ್ದಾರೆ, ನಾವ್ಯಾಕೆ ಮಾಡಬೇಕು? ಎರಡು ಕೋಣೆಯ ಬಾಬಿನ್ (ತಂತಿ ಸುತ್ತಿದ ಉರುಳೆ) ಇರುವುದನ್ನೇ ಆರಿಸಿ. ದಪ್ಪ ತಂತಿಯ ಕೋಣೆಯನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕುಯ್ದು, ಚೂರುಗಳನ್ನು ನೋಸ್ ಪ್ಲೈಯರಿನಲ್ಲಿ ಎಳೆದು ತೆಗೆದರೆ ಕೋರಿನ ಕಿಟಕಿ ಖಾಲಿ. ಬ್ಲೇಡ್ ಪಕ್ಕದ ಕೋಣೆಗೆ ತಾಗಿದರೆ ಕಥೆ ಮುಗಿಯಿತು. ಖಾಲಿ ಕಿಟಕಿಯಲ್ಲಿ ಮನೆಯ ವೈರನ್ನೇ, ಇನ್ಸುಲೇಶನ್ ಸಮೇತ, ಹಾಯಿಸಿ. ಗೀಸರಿಗೆ ಒಂದೇ ಸುತ್ತು, ಲೈಟು ಫ್ಯಾನಿನ ಲೈನಿಗೆ ಐದು. ಕ್ಲಾಂಪಿಗಿಂತ ಇದು ಗೆದ್ದಿದ್ದು ಇಲ್ಲೇ. ಸಣ್ಣ ಲೋಡ್ ನೋಡಬೇಕಾ, ಸುತ್ತು ಜಾಸ್ತಿ ಮಾಡಿ.

ಬರ್ಡನ್, ಅಂದರೆ ಆ ಸಣ್ಣ ತಂತಿಯ ಎರಡು ತುದಿಗೆ ಅಡ್ಡ ಹಾಕುವ ರೆಸಿಸ್ಟರ್, 470 ಓಮ್. ಅದನ್ನು ಟ್ರಾನ್ಸ್‌ಫಾರ್ಮರ್ ಕಾಲಿಗೇ ಬೆಸುಗೆ ಹಾಕಿ, ಬ್ರೆಡ್‌ಬೋರ್ಡಿನಲ್ಲಿ ಚುಚ್ಚಬೇಡಿ. ಲೋಡ್ ಓಡುವಾಗ ಅದು ಕಳಚಿದರೆ ಆ ಮೂರು ಸಾವಿರ ಸುತ್ತಿನ ತುದಿಯಲ್ಲಿ ನೂರಾರು ವೋಲ್ಟ್ ಏಳುತ್ತದೆ. ಮೋಟರ್ ಸ್ಟಾರ್ಟಿನ ಹೊಡೆತಕ್ಕೆ ಬೆನ್ನಿಗೆ ಬೆನ್ನು ಹಚ್ಚಿ ಎರಡು ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್). ಡಯೋಡ್ ಬ್ರಿಡ್ಜ್ ಹಾಕಿ ಡಿಸಿ ಮಾಡಲು ಹೋಗಬೇಡಿ, ಸಣ್ಣ ಕರೆಂಟೆಲ್ಲ ಡಯೋಡೇ ನುಂಗುತ್ತದೆ. ಎರಡು ರೆಸಿಸ್ಟರಿನಿಂದ ಸಿಗ್ನಲ್ಲನ್ನು ನ್ಯಾನೋದ ಅರ್ಧ ವೋಲ್ಟೇಜಿಗೆ ಎತ್ತಿ ಕೂರಿಸಿ, ಸ್ಯಾಂಪಲ್ ಮಾಡಿ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಪರಿಣಾಮಕಾರಿ ಬೆಲೆ) ತೆಗೆಯಿರಿ.

ನ್ಯಾನೋ, ಡಬ್ಬಿ, ಎಲ್ಲ ಸೇರಿ ನಾಲ್ಕು ಲೈನಿಗೆ ಐನೂರು ರೂಪಾಯಿಯೊಳಗೇ ಮುಗಿಯಿತು. ಒಂದು ಕ್ಲಾಂಪಿನ ದುಡ್ಡೂ ಅಲ್ಲ.

ಕ್ಯಾಲಿಬ್ರೇಶನ್‌ಗೆ ಇಸ್ತ್ರಿ ಪೆಟ್ಟಿಗೆ ಸಾಕು. ನಮ್ಮ ಮೀಟರಿನ ಮೇಲೆ ಯೂನಿಟಿಗೆ 3200 ಇಂಪಲ್ಸ್ ಎಂದು ಬರೆದಿದೆ. ಬೇರೆ ಎಂಸಿಬಿ ಎಲ್ಲ ಇಳಿಸಿ ಸಾವಿರ ವ್ಯಾಟಿನ ಇಸ್ತ್ರಿ ಹಚ್ಚಿದರೆ ಕೆಂಪು ಎಲ್‌ಇಡಿ ಸುಮಾರು 1.1 ಸೆಕೆಂಡಿಗೊಮ್ಮೆ ಮಿಟುಕುತ್ತದೆ. ಥರ್ಮೋಸ್ಟಾಟ್ ಕಟ್ ಆಗುವ ಮೊದಲು ಹತ್ತಿಪ್ಪತ್ತು ಎಣಿಸಿಕೊಂಡು, ಆ ಲೆಕ್ಕಕ್ಕೆ ನಮ್ಮ ಅಳತೆಯನ್ನು ಹೊಂದಿಸಿ. ಅರ್ಧ ಆಂಪಿಯರಿನಿಂದ ಗೀಸರಿನ ಒಂಬತ್ತರವರೆಗೆ ನನಗೆ ಶೇಕಡ ಎರಡು ಮೂರರೊಳಗೇ ಬಂತು. ತೀರ ಕೆಳಗೆ ಸ್ವಲ್ಪ ಕಮ್ಮಿ ತೋರಿಸುತ್ತದೆ, ಅದಕ್ಕೆ ಕೋಡಿನಲ್ಲಿ ಒಂದು ತಿದ್ದುಪಡಿ ಹಾಕಿದ್ದೇನೆ. ಅದನ್ನಿಲ್ಲಿ ಬರೆಯುವುದಿಲ್ಲ. ಬಲ್ಬ್ ಬದಲಿಸುತ್ತಾ ಕೂತರೆ ನಿಮಗೇ ಸಿಗುತ್ತದೆ.

ಕಳ್ಳ ಸಿಕ್ಕಿದ್ದು ಯುಪಿಎಸ್ ಲೈನಿನಲ್ಲಿ. ಬ್ಯಾಟರಿ ಹಳೆಯದಾಗಿ, ಫುಲ್ ಆದ ಮೇಲೂ 0.4 ಆಂಪಿಯರ್ ಎಳೆಯುತ್ತಲೇ ಇತ್ತು. ಸುಮ್ನೆ 230ರಿಂದ ಗುಣಿಸಿ 92 ವ್ಯಾಟ್ ಅನ್ನಬೇಡಿ, ಅದರ ಪವರ್ ಫ್ಯಾಕ್ಟರ್ ಹಾಳು, ಎಳೆದ ಕರೆಂಟೆಲ್ಲ ವ್ಯಾಟಾಗುವುದಿಲ್ಲ. ಮಿಕ್ಕಿದ್ದೆಲ್ಲ ಆಫ್ ಮಾಡಿ ಮೀಟರ್ ಮುಂದೆ ನಿಂತೆ. ಹತ್ತೊಂಬತ್ತು ಸೆಕೆಂಡಿಗೊಂದು ಮಿಟುಕು. ಅಂದರೆ 60 ವ್ಯಾಟ್, ತಿಂಗಳಿಗೆ 43 ಯೂನಿಟ್! ಬ್ಯಾಟರಿ ಬದಲಾಯಿಸಿದೆವು. ಅದರ ಖರ್ಚು ಇಲ್ಲಿ ಹೇಳಲ್ಲ, ಹೇಳಿದರೆ ಉಳಿತಾಯದ ಮಾತು ಬಿದ್ದುಹೋಗುತ್ತದೆ. ಆದರೆ ಅಲ್ಲಿಂದೀಚೆಗೆ ಬಿಲ್ಲು 200ರ ಕಡೆ ತಲೆ ಹಾಕಿಲ್ಲ.

ಫೇಸ್ ನ್ಯೂಟ್ರಲ್ ಎರಡನ್ನೂ ಒಂದೇ ಕಿಟಕಿಯಲ್ಲಿ ಹಾಯಿಸಿ ಲೀಕೇಜ್ (ನೆಲಕ್ಕೆ ಸೋರುವ ಕರೆಂಟ್) ಹಿಡಿಯಲು ನೋಡಿದೆ. ಹತ್ತು ಮಿಲಿಆಂಪಿಯರಿಗೆ ಸಿಗುವುದು ಒಂದೂಕಾಲು ಮಿಲಿವೋಲ್ಟ್, ಎಡಿಸಿಗೆ ಕಣ್ಣಿಗೇ ಬೀಳಲ್ಲ. ಆ ಕೆಲಸ ಸೋರಿಕೆ ಕಂಡರೆ ಲೈನ್ ಕಡಿಯುವ ಆರ್‌ಸಿಸಿಬಿಗೇ ಇರಲಿ.

ಬೋರ್‌ವೆಲ್ ಮೋಟರಿನದು ಮಾತ್ರ ಚೆನ್ನಾಗಿ ಬಂತು. ಒಂದು ಎಚ್‌ಪಿ ಸಬ್‌ಮರ್ಸಿಬಲ್, ನೀರು ಎತ್ತುವಾಗ ಏಳು ಆಂಪಿಯರ್ ಹತ್ತಿರ ಓಡುತ್ತದೆ. ನೀರು ಕಟ್ಟಾದರೆ ನಾಲ್ಕೂವರೆಗೆ ಇಳಿಯುತ್ತದೆ. ಐದೂವರೆಗಿಂತ ಕೆಳಗೆ ಇಪ್ಪತ್ತು ಸೆಕೆಂಡ್ ನಿಂತರೆ ರಿಲೇ ಸ್ಟಾರ್ಟರನ್ನು ಬಿಡಿಸಿ ಮೋಟರ್ ನಿಲ್ಲಿಸುತ್ತದೆ. ಶುರುವಿನ ಒಂದು ನಿಮಿಷ ಪೈಪ್ ತುಂಬುವವರೆಗೆ ನೋಡಲೇಬಾರದು ಎಂದು ಕೋಡಿನಲ್ಲಿ ಹೇಳಿಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಹಲವು ಸಲ ಕಟ್ ಮಾಡಿದೆ. ಮುಂದೆ ಇದನ್ನೇ ತೋಟದ ಮೂರು ಫೇಸ್ ಪಂಪಿಗೆ ಹಾಕಬೇಕು. ಅದಕ್ಕೆ ಇನ್ನೂ ಎರಡು ಭಾರದ ಅಡಾಪ್ಟರ್ ಬೇಕಾಗಿದೆ.